ಮೀನಿಗೆ ಸೂತಕವುಂಟೆ?

ನಾಯಿ ಸತ್ತ ಮನೆಗೆ ನಾಲ್ಕು ಜನ ಬಂದು ಸಮಾಧಾನ ಹೇಳುವುದನ್ನು ನಾನು ಕಂಡಿದ್ದೇನೆ. ಹಸು ಸತ್ತ ದಿನ ಒಲೆ ಹೊತ್ತದ ಮನೆಗಳನ್ನೂ ಕಂಡಿದ್ದೇನೆ. ಸಾಕಿದ ಗಿಳಿ ಸತ್ತಿತೆಂದರೆ ಕೇಳಿದವರು 'ಅಯ್ಯೋ ಪಾಪ' ಎನ್ನುವಷ್ಟು ದಾಕ್ಷಿಣ್ಯವನ್ನಾದರೂ ತೋರಿಸುತ್ತಾರೆ. ಆದರೆ 'ನಮ್ಮ ಮನೆಯ ಮೀನು ಸತ್ತಿತು' ಎಂದು ಯಾರಿಗಾದರೂ ಹೇಳಿನೋಡಿ. ಅವರ ಮುಖದಲ್ಲಿ ಮೊದಲು ಮೂಡುವುದು ನಗೆ. ಅಧ್ಯಾಪಕರ ಕೊಠಡಿಯಲ್ಲಿ ನಾನು ಈ ಸಂಗತಿಯನ್ನು ಹೇಳಿದಾಗ ಅರ್ಥಶಾಸ್ತ್ರದ ಮಿತ್ರರೊಬ್ಬರು, "ಎಷ್ಟು ತೂಕವಿತ್ತು ಸ್ವಾಮಿ?" ಎಂದರು. ಕರಾವಳಿಯ ಕಡೆಯ ಇನ್ನೊಬ್ಬರು ಯಾವ ಮೀನಿಗೆ ಯಾವ ಮಸಾಲೆ ಒಪ್ಪುತ್ತದೆಂಬುದನ್ನು ಸಾವಕಾಶವಾಗಿ ವಿವರಿಸಿದರು. ಅವರ ಮಾತಿನಲ್ಲಿ ಕೆಡುಕೇನೂ ಇರಲಿಲ್ಲ. ಮಾರುಕಟ್ಟೆಯಲ್ಲಿ ತಕ್ಕಡಿಗೆ ಏರುವ ಪ್ರಾಣಿಗಾಗಿ ಒಬ್ಬ ಮನುಷ್ಯ ಮುಖ ಸಣ್ಣದು ಮಾಡಿಕೊಂಡು ಕುಳಿತರೆ ಲೋಕಕ್ಕೆ ಅದು ತಮಾಷೆಯೇ.

ಮನುಷ್ಯರ ಸಾವಿಗೆ ನಮ್ಮಲ್ಲಿ ಒಂದು ವ್ಯವಸ್ಥೆಯುಂಟು. ಇಷ್ಟು ದಿನ ಸೂತಕ, ಇಂಥ ದಿನ ಇಂಥ ಕರ್ಮ, ಆಮೇಲೆ ವೈಕುಂಠ ಸಮಾರಾಧನೆ. ಅದರಲ್ಲಿ ನಂಬಿಕೆಯಿದ್ದವರಿಗೂ ಇಲ್ಲದವರಿಗೂ ಅದರಿಂದ ಒಂದು ಉಪಕಾರವಾಗುತ್ತದೆ: ದುಃಖಪಡುವವನ ಕೈಗೆ ಏನಾದರೂ ಕೆಲಸ ಸಿಗುತ್ತದೆ. ಮೀನು ಸತ್ತವನಿಗೆ ಅಂಥ ಯಾವ ಕೆಲಸವನ್ನೂ ಶಾಸ್ತ್ರ ಹೇಳಿಲ್ಲ.

ಹಾಗೆಂದು ನಮ್ಮ ನಾಡಿನಲ್ಲಿ ಮೀನಿಗಾಗಿ ಅತ್ತವರೇ ಇಲ್ಲವೆಂದಲ್ಲ. ಬೆಳ್ತಂಗಡಿ ತಾಲ್ಲೂಕಿನ ಶಿಶಿಲದಲ್ಲಿ ಶಿಶಿಲೇಶ್ವರನ ಗುಡಿಯ ಪಕ್ಕದಲ್ಲಿ ಕಪಿಲೆ ಹರಿಯುತ್ತಾಳೆ. ಅಲ್ಲಿಯ ಮೀನುಗಳು ದೇವರ ಮೀನುಗಳು. ಅವನ್ನು ಯಾರೂ ಹಿಡಿಯುವಂತಿಲ್ಲ. 1996ರಲ್ಲಿ ಯಾರೋ ದುರುಳರು ನೀರಿಗೆ ವಿಷ ಹಾಕಿದರು. ಸಾವಿರಗಟ್ಟಲೆ ಮೀನುಗಳು ಸತ್ತು ತೇಲಿದವು. ಊರಿನವರು ಆ ಮೀನುಗಳ ನೆನಪಿಗೆ ಒಂದು ಸ್ಮಾರಕವನ್ನೇ ಕಟ್ಟಿದರು. ದೊರೆಗಳಿಗೂ ವೀರರಿಗೂ ಕಲ್ಲು ನಿಲ್ಲಿಸಿದ ನಾಡಿನಲ್ಲಿ ಮೀನಿಗೂ ಒಂದು ಕಲ್ಲು ನಿಂತಿದೆ ಎಂಬುದು ನನಗೆ ಎಷ್ಟೋ ಸಮಾಧಾನದ ವಿಷಯ. ಆದರೆ ಅವು ದೇವರ ಮೀನುಗಳು. ಮನೆಯ ಮೂಲೆಯಲ್ಲಿ ಗಾಜಿನ ತೊಟ್ಟಿಯೊಳಗೆ ಈಜಿಕೊಂಡಿದ್ದ, ಅಂಗಡಿಯಿಂದ ಪ್ಲಾಸ್ಟಿಕ್ ಚೀಲದಲ್ಲಿ ಬಂದ ಮೀನಿನ ಮಾತು ಬೇರೆ.

ನಮ್ಮ ಮನೆಗೆ ಮೀನು ಬಂದದ್ದು ನಮ್ಮ ತಂದೆಯವರ ದೆಸೆಯಿಂದ. ಅವರು ಮೈಸೂರಿನ ಒಂದು ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಸಂಸ್ಕೃತ ಕಲಿಸಿದವರು. 2017ರಲ್ಲಿ ಅವರಿಗೆ ಲಕ್ವ ಹೊಡೆಯಿತು. ಬಲಗೈ ಸ್ವಾಧೀನ ತಪ್ಪಿತು, ಮಾತು ಹೋಯಿತು. ತಿಳಿವಳಿಕೆ ಮಾತ್ರ ಹಾಗೆಯೇ ಉಳಿಯಿತು. ಅಮರಕೋಶದಿಂದ ಮೀನಿಗೆ ಏಳೆಂಟು ಹೆಸರುಗಳನ್ನು ಒಂದೇ ಉಸಿರಿನಲ್ಲಿ ಹೇಳುತ್ತಿದ್ದ ಬಾಯಲ್ಲಿ ಉಳಿದದ್ದು ಒಂದೇ ಒಂದು ಮಾತು: 'ಇರಲಿ'. ಕಾಫಿ ಬೇಕೆ ಎಂದರೂ ಇರಲಿ, ಸಾಕೆ ಎಂದರೂ ಇರಲಿ, ಕಾಲು ನೋಯುತ್ತಿದೆಯೆ ಎಂದರೂ ಇರಲಿ. ದನಿಯ ಏರಿಳಿತವನ್ನು ನೋಡಿ ಅರ್ಥವನ್ನು ನಾವೇ ಬಿಡಿಸಿಕೊಳ್ಳಬೇಕು. ಹಳಗನ್ನಡದ ಪದ್ಯಗಳ ಅನ್ವಯ ಮಾಡಿ ಅಭ್ಯಾಸವಿದ್ದ ನನಗೆ ಅಷ್ಟು ಕಠಿಣವಾದ ಪಾಠ ಹಿಂದೆ ಸಿಕ್ಕಿರಲಿಲ್ಲ.

ಇಡೀ ದಿನ ಗೋಡೆ ನೋಡುತ್ತ ಕೂರುವ ತಾತನಿಗೆ ನೋಡಲು ಏನಾದರೂ ಬೇಕು ಎಂದು ಹಟ ಹಿಡಿದವಳು ನನ್ನ ಮಗಳು. ಮಂಗಳೂರಿನ ಮೀನುಗಾರಿಕೆ ಕಾಲೇಜಿನಲ್ಲಿ ಓದಿದ ನನ್ನ ಹಳೆಯ ಶಿಷ್ಯನೊಬ್ಬನನ್ನು ವಿಚಾರಿಸಿದೆ. ಅವನು ನಕ್ಕು, "ಸಾರ್, ಮೀನು ಸಾಕೋದು ಸುಲಭ. ಮೊದಲು ನೀರು ಸಾಕೋದು ಕಲೀಬೇಕು" ಎಂದ. ಇದೇನು ಒಗಟು ಎಂದುಕೊಂಡೆ. ಅವನು ವಿವರಿಸಿದ. ಮೀನಿನ ಮೈಯಿಂದ ಹೊರಬೀಳುವ ಅಮೋನಿಯ ಮೀನಿಗೇ ವಿಷ. ಅದು ಕಿವಿರನ್ನು ಸುಡುತ್ತದೆ. ಕಣ್ಣಿಗೆ ಕಾಣದ ಒಂದು ಬಗೆಯ ಬ್ಯಾಕ್ಟೀರಿಯಗಳು ಅದನ್ನು ನೈಟ್ರೈಟ್ ಆಗಿ ಮಾಡುತ್ತವೆ; ಅದೂ ವಿಷವೇ. ಇನ್ನೊಂದು ಬಗೆಯವು ಅದನ್ನು ನೈಟ್ರೇಟ್ ಆಗಿ ಮಾಡುತ್ತವೆ. ಅದು ಅಷ್ಟು ಕೇಡಿನದಲ್ಲ, ವಾರಕ್ಕೊಮ್ಮೆ ಒಂದಿಷ್ಟು ನೀರು ಬದಲಿಸಿದರೆ ಹೋಗುತ್ತದೆ. ಈ ಉಪಕಾರಿ ಜೀವಿಗಳು ಫಿಲ್ಟರಿನ ಸ್ಪಂಜಿನಲ್ಲಿ, ತಳದ ಕಲ್ಲುಗಳ ಮೇಲೆ ಮನೆಮಾಡಿಕೊಳ್ಳಲು ನಾಲ್ಕರಿಂದ ಆರು ವಾರ ಬೇಕು. ಅಲ್ಲಿಯವರೆಗೆ ಮೀನು ಬಿಡಕೂಡದು. ಬರಿಯ ನೀರಿಗೆ ದಿನಕ್ಕೊಂದು ಚಿಟಿಕೆ ಮೀನಿನ ಆಹಾರ ಹಾಕುತ್ತಿರಬೇಕು. ಅದು ಕೊಳೆತು ಅಮೋನಿಯ ಹುಟ್ಟುತ್ತದೆ, ಅದನ್ನು ತಿಂದು ಅವು ಬೆಳೆಯುತ್ತವೆ.

ನೂರಿಪ್ಪತ್ತು ಲೀಟರಿನ ತೊಟ್ಟಿ ಬಂತು. ನಲ್ಲಿಯ ನೀರನ್ನು ಕ್ಲೋರಿನ್ ಹೋಗುವಂತೆ ಒಂದು ದಿನ ತೆರೆದಿಟ್ಟು ತುಂಬಿದೆವು. ಚಿಟಿಕೆ ಹಾಕುವ ಕೆಲಸವನ್ನು ಮಗಳು ತಾತನಿಗೆ ಒಪ್ಪಿಸಿದಳು. ಕಾಯಿಲೆ ಬಿದ್ದ ಮೇಲೆ ಅವರಿಗೆ ಈ ಮನೆಯಲ್ಲಿ ಸಿಕ್ಕ ಮೊದಲ ಉದ್ಯೋಗ ಅದು. ಎಡಗೈಯಿಂದ ಏನನ್ನಾದರೂ ಕೊಟ್ಟರೆ ನಮ್ಮನ್ನು ಗದರಿಸುತ್ತಿದ್ದವರು ಈಗ ತಮ್ಮ ಎಡಗೈಯಿಂದ ದಿನವೂ ಬೆಳಗ್ಗೆ, ಸಂಧ್ಯಾವಂದನೆಯ ಹೊತ್ತಿಗೆ ಸರಿಯಾಗಿ, ಮೀನಿಲ್ಲದ ನೀರಿಗೆ ಒಂದು ಚಿಟಿಕೆ ಹಾಕತೊಡಗಿದರು.

ಮೀನು ಸಾಕುವ ಈ ಹವ್ಯಾಸ ಪಶ್ಚಿಮದಿಂದ ಬಂದದ್ದೆಂದು ಹೇಳುತ್ತಾರೆ. ಲಂಡನ್ನಿನ ಮೃಗಾಲಯದಲ್ಲಿ 1853ರಲ್ಲಿ ಸಾರ್ವಜನಿಕರಿಗಾಗಿ ಮೀನುಮನೆ ತೆರೆಯಿತು. ಮರುವರ್ಷ ಫಿಲಿಪ್ ಹೆನ್ರಿ ಗಾಸ್ ಎಂಬ ನಿಸರ್ಗಶಾಸ್ತ್ರಜ್ಞ ಬರೆದ ಪುಸ್ತಕದಿಂದ 'ಅಕ್ವೇರಿಯಂ' ಎಂಬ ಹೆಸರು ಬಳಕೆಗೆ ಬಂತು. ಅದು ನಿಜವೇ. ಆದರೆ ಮನುವಿನ ಕಥೆಯನ್ನು ಮರೆಯಬಾರದು. ಶತಪಥ ಬ್ರಾಹ್ಮಣದಲ್ಲಿ ಆತ ಕೈತೊಳೆಯುವ ನೀರಿನಲ್ಲಿ ಒಂದು ಪುಟ್ಟ ಮೀನು ಸಿಗುತ್ತದೆ. ದೊಡ್ಡ ಮೀನುಗಳು ನನ್ನನ್ನು ನುಂಗುತ್ತವೆ, ಕಾಪಾಡು ಎಂದು ಬೇಡುತ್ತದೆ. ಮನು ಅದನ್ನು ಗಡಿಗೆಯಲ್ಲಿ ಸಾಕುತ್ತಾನೆ. ಬೆಳೆದಾಗ ಹೊಂಡಕ್ಕೆ ಬಿಡುತ್ತಾನೆ. ಅದೂ ಸಾಲದಾದಾಗ ಸಮುದ್ರಕ್ಕೆ ಒಯ್ಯುತ್ತಾನೆ. ಮೀನು ಬೆಳೆದಂತೆ ಪಾತ್ರೆ ಹಿರಿದಾಗಬೇಕೆಂಬ ಮೊದಲ ಪಾಠವನ್ನು ಮನು ಬಲ್ಲವನಾಗಿದ್ದ. ಚಿನ್ನದ ಮೀನನ್ನು ಅಂಗೈಯಗಲದ ಗಾಜಿನ ಬೋಗುಣಿಯಲ್ಲಿಟ್ಟು ಮಾರುವವರಿಗೆ ಈ ಕಥೆಯನ್ನು ಯಾರಾದರೂ ಓದಿ ಹೇಳಬೇಕು. ಚಿನ್ನದ ಮೀನು ಹತ್ತು ಹದಿನೈದು ವರ್ಷ ಬಾಳಬಲ್ಲುದು. ಇಂಗ್ಲೆಂಡಿನ ಜಾತ್ರೆಯೊಂದರಲ್ಲಿ 1956ರಲ್ಲಿ ಬಹುಮಾನವಾಗಿ ಬಂದ 'ಟಿಶ್' ಎಂಬ ಮೀನು 1999ರವರೆಗೆ, ನಲವತ್ತಮೂರು ವರ್ಷ, ಬದುಕಿತ್ತು.

ಆರು ವಾರ ಕಳೆದ ಮೇಲೆ ಮೂರು ಚಿನ್ನದ ಮೀನುಗಳು ಬಂದವು. ಕನ್ನಡ ಮೇಷ್ಟರ ಮಗಳು ಅವಕ್ಕೆ ಪಂಪ, ಪೊನ್ನ, ರನ್ನ ಎಂದು ಹೆಸರಿಟ್ಟಳು. ಇದರಲ್ಲಿ ಒಂದು ಔಚಿತ್ಯವೂ ಇತ್ತು. ನಮ್ಮ ರತ್ನತ್ರಯರು ಕಾವ್ಯ ಬರೆದ ಹತ್ತನೆಯ ಶತಮಾನದಲ್ಲಿ ಚೀನದಲ್ಲಿ ಸೊಂಗ್ ಅರಸರ ಆಳ್ವಿಕೆ ಆರಂಭವಾಗಿತ್ತು; ಬೂದುಬಣ್ಣದ ಕೊಳದ ಮೀನುಗಳಲ್ಲಿ ಅಪರೂಪಕ್ಕೆ ಹುಟ್ಟುವ ಹೊಂಬಣ್ಣದವನ್ನು ಆರಿಸಿ ಸಾಕುವ ಪದ್ಧತಿ ಬೇರೂರಿದ್ದು ಆ ಅರಸರ ಕಾಲದಲ್ಲಿಯೇ.

ತಂದೆಯವರು ದಿನವೆಲ್ಲ ತೊಟ್ಟಿಯ ಮುಂದೆ ಕೂರುತ್ತಿದ್ದರು. ಎರಡು ಕಡೆಯೂ ಮಾತಿಲ್ಲ. ಅಮರಸಿಂಹ 'ಅನಿಮಿಷ' ಎಂಬ ಪದಕ್ಕೆ ದೇವತೆ, ಮೀನು ಎಂಬ ಎರಡು ಅರ್ಥಗಳನ್ನು ಕೊಡುತ್ತಾನೆ. ರೆಪ್ಪೆ ಮಿಟುಕಿಸದವರು ಅವರಿಬ್ಬರೇ. ಎವೆಯಿಕ್ಕದೆ ನೋಡುವ ಮೀನನ್ನು ನಮ್ಮ ತಂದೆಯವರೂ ಹೆಚ್ಚುಕಡಿಮೆ ಎವೆಯಿಕ್ಕದೆ ನೋಡುತ್ತಿದ್ದರು.

ಮೀನಿನ ಕಾಯಿಲೆಯ ಕಷ್ಟವೇನೆಂದರೆ ಅದು ನರಳುವುದಿಲ್ಲ. ನಾಯಿ ಕುಂಯ್‌ಗುಡುತ್ತದೆ, ದನ ಮೇವು ಬಿಟ್ಟು ನಿಲ್ಲುತ್ತದೆ, ಮಗು ಅಳುತ್ತದೆ. ಮೀನಿನ ಕಣ್ಣೀರು ಯಾರಿಗೆ ಕಾಣುತ್ತದೆ? ರೆಕ್ಕೆಯನ್ನು ಮೈಗೆ ಒತ್ತಿಕೊಂಡಿದೆಯೆ, ಗುಂಪು ಬಿಟ್ಟು ಮೂಲೆ ಹಿಡಿದಿದೆಯೆ, ನೀರಿನ ಮೇಲ್ಮೈಗೆ ಬಂದು ಬಾಯಿ ತೆರೆಯುತ್ತಿದೆಯೆ, ಕಲ್ಲಿಗೆ ಮೈ ಉಜ್ಜುತ್ತಿದೆಯೆ ಎಂದು ನೋಡಿ ತಿಳಿಯಬೇಕು. 2019ರ ಡಿಸೆಂಬರಿನ ಒಂದು ಬೆಳಗ್ಗೆ ತಂದೆಯವರು ನನ್ನ ತೋಳು ಹಿಡಿದು ತೊಟ್ಟಿಯ ಬಳಿಗೆ ಎಳೆದರು. "ಇರಲಿ, ಇರಲಿ, ಇರಲಿ" ಎಂದು ಅವಸರದ ದನಿಯಲ್ಲಿ ಹೇಳುತ್ತ ಬೆರಳು ತೋರಿಸಿದರು. ಪೊನ್ನ ಕಲ್ಲಿಗೆ ಮೈ ಉಜ್ಜುತ್ತಿದ್ದ. ಬಾಲದ ಮೇಲೆ ಉಪ್ಪಿನ ಹರಳಿನಂಥ ಎರಡೇ ಎರಡು ಬಿಳಿಯ ಚುಕ್ಕೆ. ಸಂಜೆಗೆ ಹತ್ತಾದವು, ಮರುದಿನ ರನ್ನನ ಮೈಮೇಲೂ ಕಾಣಿಸಿದವು.

ಇದು ಬಿಳಿಚುಕ್ಕೆ ರೋಗ. ಏಕಕೋಶದ ಒಂದು ಪರೋಪಜೀವಿ ಮೀನಿನ ಚರ್ಮದಡಿಯಲ್ಲಿ ಹೊಕ್ಕು ಕೂರುತ್ತದೆ. ಅಲ್ಲಿರುವಷ್ಟು ಹೊತ್ತು ಅದಕ್ಕೆ ಯಾವ ಔಷಧವೂ ತಾಗದು. ಬಲಿತ ಮೇಲೆ ಕಳಚಿ ತಳಕ್ಕೆ ಬೀಳುತ್ತದೆ. ಕೋಶ ಕಟ್ಟಿಕೊಂಡು ಒಡೆದು ನೂರಾರು ಮರಿಗಳಾಗುತ್ತದೆ. ಆ ಮರಿಗಳು ಸುಮಾರು ಎರಡು ದಿನದೊಳಗೆ ಇನ್ನೊಂದು ಮೀನನ್ನು ಹಿಡಿಯಬೇಕು, ಇಲ್ಲವೆ ಸಾಯಬೇಕು. ಔಷಧ ಅವನ್ನು ಕೊಲ್ಲುವುದು ಆ ಎರಡು ದಿನಗಳಲ್ಲಿ ಮಾತ್ರ. ಬೆಚ್ಚನೆಯ ನೀರಿನಲ್ಲಿ ಈ ಚಕ್ರ ಒಂದು ವಾರದೊಳಗೆ ಸುತ್ತುತ್ತದೆ. ತಣ್ಣನೆಯ ನೀರಿನಲ್ಲಿ ಎಷ್ಟೋ ವಾರ ಎಳೆಯುತ್ತದೆ. ಆದ್ದರಿಂದ ನೀರನ್ನು ಮೆಲ್ಲಮೆಲ್ಲಗೆ ಬೆಚ್ಚಗೆ ಮಾಡಬೇಕು, ಶತ್ರು ಬೇಗ ಬಯಲಿಗೆ ಬರಲಿ ಎಂದು. ಶಿಷ್ಯ ಫೋನಿನಲ್ಲಿ ಹೇಳಿದಂತೆಯೇ ಮಾಡಿದೆವು. ಹೀಟರಿನಿಂದ ದಿನಕ್ಕೆ ಒಂದೆರಡು ಡಿಗ್ರಿಯಂತೆ ಏರಿಸಿ ಇಪ್ಪತ್ತೆಂಟಕ್ಕೆ ನಿಲ್ಲಿಸಿದೆವು. ಲೀಟರಿಗೆ ಎರಡು ಗ್ರಾಮಿನ ಲೆಕ್ಕದಲ್ಲಿ 240 ಗ್ರಾಂ ಕಲ್ಲುಪ್ಪನ್ನು ಕರಗಿಸಿ ಎರಡು ದಿನದಲ್ಲಿ ಬೆರೆಸಿದೆವು. ಬೆಚ್ಚನೆಯ ನೀರಿನಲ್ಲಿ ಆಮ್ಲಜನಕ ಕಡಮೆಯಾಗುವುದರಿಂದ ಗಾಳಿಯ ಪಂಪನ್ನು ಹಗಲಿರುಳೂ ಓಡಿಸಿದೆವು. ದಿನ ಬಿಟ್ಟು ದಿನ ತಳದ ಕಸವನ್ನು ಕೊಳವೆಯಿಂದ ಎಳೆದು ಕಾಲುಭಾಗ ನೀರು ಬದಲಿಸಿದೆವು. ನನ್ನ ಹೆಂಡತಿ ಬಕೆಟ್ಟು ಹೊತ್ತಳು, ನಾನು ಕೊಳವೆ ಹಿಡಿದೆ, ಮಗಳು ಚುಕ್ಕೆಗಳನ್ನು ಎಣಿಸಿ ನೋಟ್‌ಬುಕ್ಕಿನಲ್ಲಿ ಬರೆದಳು. ಐದನೆಯ ದಿನ ಪೊನ್ನ ಸತ್ತ. ಏಳನೆಯ ದಿನ ರನ್ನ. ಕಿವಿರಿನೊಳಗೆ ರೋಗ ಹೊಕ್ಕರೆ ಹೊರಗಿನ ಚುಕ್ಕೆಗಳ ಲೆಕ್ಕ ಏನನ್ನೂ ಹೇಳದು. ಪಂಪ ಉಳಿದ.

ಮೀನು ಸಾಕಿದವರನ್ನು ಇಂಥ ವೇಳೆಯಲ್ಲಿ ಕಾಡುವುದು ಒಂದೇ ಪ್ರಶ್ನೆ: ಇದು ಎಲ್ಲಿಂದ ಬಂತು? ಹೊಸ ಮೀನಿನ ಜೊತೆಗೆ ಬರಬಹುದು, ನೀರುಗಿಡದ ಜೊತೆಗೆ ಬರಬಹುದು, ಮೀನಿನ ಕಿವಿರಿನಲ್ಲಿ ಕಾಣದಂತೆ ಅಡಗಿದ್ದು ಚಳಿಗೆ ಮೈ ಸೊರಗಿದಾಗ ಹೆಡೆಯೆತ್ತಬಹುದು. ತಪ್ಪು ಹುಡುಕುವುದರಿಂದ ಮುಂದಿನ ಮೀನಿಗೆ ಉಪಯೋಗವಾಗುವುದಾದರೆ ಹುಡುಕಬೇಕು. ಬರಿಯ ಎದೆ ಬಡಿದುಕೊಳ್ಳಲು ಹುಡುಕಬಾರದು. ಉಳಿದ ಒಂದು ಮೀನಿಗೆ ನಮ್ಮ ಎದೆಬಡಿತ ಬೇಡ; ನಾಳೆಯ ಬಕೆಟ್ಟು ಬೇಕು. ಕೊನೆಯ ಚುಕ್ಕೆ ಮಾಯವಾದ ಮೇಲೂ ಎರಡು ವಾರ ಉಪ್ಪು ನಿಲ್ಲಿಸಲಿಲ್ಲ.

ಪಂಪ ಒಂಟಿಯಾಗಿ ನಾಲ್ಕು ವರ್ಷ ಬಾಳಿದ. ಕೊರೋನದ ದಿನಗಳಲ್ಲಿ ಇಡೀ ಮನೆಯೇ ತಂದೆಯವರಂತೆ ಅವನ ಮುಂದೆ ಕುಳಿತಿತ್ತು. ತಂದೆಯವರ ಎಡಗೈ ತೊಟ್ಟಿಯ ಮೇಲೆ ಬಂದರೆ ಸಾಕು, ಎಲ್ಲಿದ್ದರೂ ಓಡಿಬರುತ್ತಿದ್ದ. 2023ರ ಕೊನೆಯಲ್ಲಿ ಅವನ ಹೊಟ್ಟೆ ಊದಿತು. ಮೇಲಿನಿಂದ ನೋಡಿದರೆ ಹುರುಪೆಗಳೆಲ್ಲ ಸೂಜಿಕಾಯಿಯ ಹಾಗೆ ನೆಟ್ಟಗೆ ನಿಂತಿದ್ದವು. ಸಿಹಿನೀರಿನ ಮೀನಿನ ಮೈಯೊಳಗಿನ ಉಪ್ಪು ಹೊರಗಿನ ನೀರಿಗಿಂತ ಹೆಚ್ಚು. ಹಾಗಾಗಿ ಅದು ಕುಡಿಯದಿದ್ದರೂ ನೀರು ಕಿವಿರಿನ ಮೂಲಕ ಒಳಗೆ ಸೇರುತ್ತಲೇ ಇರುತ್ತದೆ. ಮೂತ್ರಪಿಂಡ ಅದನ್ನು ಹೊರಗೆ ಹಾಕುತ್ತಲೇ ಇರಬೇಕು. ಆ ಅಂಗ ಸೋತರೆ ಮೀನು ತನ್ನ ಮನೆಯಾದ ನೀರಿನಿಂದಲೇ ಒಳಗೊಳಗೆ ತುಂಬಿಹೋಗುತ್ತದೆ. ಹುರುಪೆ ನಿಂತ ಮೇಲೆ ಉಳಿಯುವುದು ಬಹಳ ಅಪರೂಪ. ಉಪ್ಪು, ಬೆಚ್ಚನೆಯ ನೀರು, ಔಷಧ, ಎಲ್ಲವನ್ನೂ ಹತ್ತು ದಿನ ಮಾಡಿದೆವು. ಪಂಪ ಪಕ್ಕಕ್ಕೆ ಒರಗಿದ. ಕೈ ಕಂಡರೂ ಬರಲಿಲ್ಲ.

"ಸಾರ್, ಇನ್ನು ಎಳೆಯೋದು ಬೇಡ" ಎಂದ ಶಿಷ್ಯ. ಲವಂಗದ ಎಣ್ಣೆಯನ್ನು ಬೇರೆಯ ಪಾತ್ರೆಯ ನೀರಿನಲ್ಲಿ ಕದಡಿ ಸ್ವಲ್ಪಸ್ವಲ್ಪವೇ ಬೆರೆಸಿದರೆ ಮೀನು ಮೊದಲು ಮಂಪರಿಗೆ ಹೋಗುತ್ತದೆ. ಪ್ರಮಾಣ ಹೆಚ್ಚಿದರೆ ನಿದ್ದೆಯಲ್ಲಿಯೇ ಉಸಿರು ನಿಲ್ಲುತ್ತದೆ. ಮೀನಿಗೆ ನೋವೇ ಇಲ್ಲವೆಂದು ಜನ ಬಹಳ ಕಾಲ ನಂಬಿದ್ದರು. ಸ್ಕಾಟ್ಲೆಂಡಿನಲ್ಲಿ ಲಿನ್ ಸ್ನೆಡನ್ ಮತ್ತು ಸಂಗಡಿಗರು 2003ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ತುಟಿಗೆ ಆಮ್ಲ ಚುಚ್ಚಿಸಿಕೊಂಡ ಟ್ರೌಟ್ ಮೀನುಗಳು ತುಟಿಯನ್ನು ತಳದ ಕಲ್ಲಿಗೆ ಉಜ್ಜಿದವು, ಬಹಳ ಹೊತ್ತು ಆಹಾರ ಮುಟ್ಟಲಿಲ್ಲ; ಮಾರ್ಫಿನ್ ಕೊಟ್ಟಾಗ ಆ ಚಡಪಡಿಕೆ ತಗ್ಗಿತು. ಇದನ್ನು ತಿಳಿದ ಮೇಲೆ, ಸಾಯಲಿರುವ ಮೀನನ್ನು ಸುಮ್ಮನೆ ನೋಡುತ್ತ ಕೂರುವುದಕ್ಕೆ ದಯೆ ಎಂಬ ಹೆಸರು ಸಲ್ಲದು.

ಆದರೆ ಪಂಪ ತಂದೆಯವರ ಮೀನು. ಅವರನ್ನು ಕೇಳದೆ ಏನೂ ಮಾಡುವಂತಿರಲಿಲ್ಲ. ಕುರ್ಚಿಯ ಪಕ್ಕದಲ್ಲಿ ಕುಳಿತು ಎಲ್ಲವನ್ನೂ ಹೇಳಿದೆ. ಅವರು ಬಹಳ ಹೊತ್ತು ನೀರನ್ನೇ ನೋಡಿ, "ಇರಲಿ" ಎಂದರು. ಆಗಲಿ ಎಂದೋ, ಬದುಕಿರಲಿ ಎಂದೋ? ಈ ಒಂದು ಸಲ ದನಿಯಿಂದ ಅರ್ಥವಾಗಲಿಲ್ಲ. "ಅಪ್ಪಾ, ಹೇಗೆ ಅಂತ ತಿಳೀಲಿಲ್ಲ" ಎಂದೆ. ಅವರು ನನ್ನನ್ನು ನೋಡಿ, ಎರಡು ಕಣ್ಣನ್ನೂ ನಿಧಾನವಾಗಿ ಮುಚ್ಚಿ, ಮತ್ತೆ ತೆರೆದರು. ರೆಪ್ಪೆಯಿಲ್ಲದ ಜೀವಕ್ಕೆ ನಿದ್ದೆ ಬರಲಿ ಎಂಬುದನ್ನು ಅವರು ಹಾಗೆ ಹೇಳಿದರೆಂದು ತಿಳಿದುಕೊಂಡೆ. ಆ ಸಂಜೆ ಲವಂಗದ ವಾಸನೆ ಮನೆಯೆಲ್ಲ ತುಂಬಿತ್ತು. ಪಂಪನಿಗೆ ಹೆಚ್ಚು ಹೊತ್ತು ಹಿಡಿಯಲಿಲ್ಲ.

ನದಿಗೆ ಬಿಡೋಣ ಎಂದವರುಂಟು. ರೋಗದ ಮೀನನ್ನಾಗಲಿ, ಸಾಕಿ ಬೇಸರವಾದ ಮೀನನ್ನಾಗಲಿ ಹೊರಗಿನ ನೀರಿಗೆ ಬಿಡಬಾರದು. ಅಂಗಡಿಯ ತೊಟ್ಟಿಗಳಿಂದ ತಪ್ಪಿಸಿಕೊಂಡ ದಕ್ಷಿಣ ಅಮೆರಿಕದ ಹೀರುಬಾಯಿ ಮೀನುಗಳು ಇಂದು ಕೇರಳದ, ಬಂಗಾಳದ ನೀರುಗಳಲ್ಲಿ ಬೀಡುಬಿಟ್ಟು ಬೆಸ್ತರ ಬಲೆ ಹರಿಯುತ್ತಿವೆ. ಪಂಪನನ್ನು ಹಿತ್ತಲಿನ ದಾಸವಾಳದ ಬುಡದಲ್ಲಿ ಆಳವಾಗಿ ಹೂತೆವು.

ಉಳಿದದ್ದು ತೊಟ್ಟಿ. ನೀರು ಹೊಯ್ದು, ಒಣಗಿಸಿ, ಮೇಲಟ್ಟದಲ್ಲಿಡೋಣ ಎಂದು ನನ್ನ ಹೆಂಡತಿ ಬಕೆಟ್ಟು ತಂದಳು. ಖಾಲಿ ನೀರನ್ನು ನೋಡುವುದು ಅವಳಿಗೂ ಕಷ್ಟವಾಗಿತ್ತು. ತಂದೆಯವರು ಎಡಗೈಯನ್ನು ಗಾಜಿನ ಮೇಲಿಟ್ಟು, "ಇರಲಿ" ಎಂದರು. ಅದರ ಅರ್ಥದಲ್ಲಿ ಯಾರಿಗೂ ಸಂಶಯ ಬರಲಿಲ್ಲ.

ಮರುದಿನ ಬೆಳಗ್ಗೆ ಅವರು ಡಬ್ಬಿ ತೆಗೆದು ಮೀನಿಲ್ಲದ ನೀರಿಗೆ ಒಂದು ಚಿಟಿಕೆ ಆಹಾರ ಹಾಕಿದರು. ಅದರ ಮರುದಿನವೂ ಹಾಕಿದರು. ಇದನ್ನು ಕಂಡ ನೆರೆಮನೆಯವರು ನನ್ನನ್ನು ಬದಿಗೆ ಕರೆದು, "ಯಜಮಾನರಿಗೆ ಸ್ವಲ್ಪ ಮರೆವು ಬಂದಿರಬೇಕು" ಎಂದರು. ಮರೆವಲ್ಲ, ನೆನಪು ಎಂದೆ ನಾನು. ತಿನ್ನಲು ಏನೂ ಸಿಗದಿದ್ದರೆ ಸ್ಪಂಜಿನಲ್ಲಿರುವ ಆ ಕಾಣದ ಜೀವಿಗಳು ಸೊರಗಿಹೋಗುತ್ತವೆ. ಅವು ಸೊರಗಿದರೆ ನೀರೂ ಸತ್ತಂತೆ. ಮೊದಲು ಆರು ವಾರ ಮಾಡಿದ ಕೆಲಸವನ್ನು ಅವರು ಮತ್ತೆ ಹಿಡಿದಿದ್ದರು.

ಇಲ್ಲದವರಿಗೆ ಅನ್ನವಿಡುವುದು ನಮಗೇನೂ ಹೊಸತಲ್ಲ. ನಮ್ಮ ತಾಯಿಯ ತಿಥಿಯ ದಿನ ಮಾಳಿಗೆಯ ಮೇಲೆ ಪಿಂಡವಿಟ್ಟು ಕಾಗೆಗಾಗಿ ಕಾಯುತ್ತ ನಿಲ್ಲುತ್ತಿದ್ದ ತಂದೆಯವರನ್ನು ನಾನು ಬಾಲ್ಯದಲ್ಲಲ್ಲ, ನನ್ನ ಮದುವೆಯಾದ ಮೇಲೂ ಕಂಡಿದ್ದೇನೆ. ಆ ಅನ್ನ ಯಾರಿಗೆ ಮುಟ್ಟುತ್ತದೆ ಎಂದು ಆಗ ವಾದ ಹೂಡುತ್ತಿದ್ದೆ. ಈ ಚಿಟಿಕೆ ಯಾರಿಗೆ ಮುಟ್ಟುತ್ತದೆ ಎಂಬುದನ್ನಂತೂ ವಿಜ್ಞಾನವೇ ಹೇಳುತ್ತದೆ: ಸತ್ತ ಮೀನಿಗಲ್ಲ, ಇನ್ನೂ ಬಾರದ ಮೀನಿಗೆ. ಮೀನಿಗೆ ಸೂತಕವುಂಟೆ ಎಂದು ಯಾರಾದರೂ ಕೇಳಿದರೆ ಉಂಟು ಎನ್ನುತ್ತೇನೆ. ಹೆಣವನ್ನು ತಡಮಾಡದೆ ನೀರಿನಿಂದ ತೆಗೆಯುವುದು, ಉಳಿದವುಗಳ ಮೈ ನೋಡುವುದು, ನೀರು ಬದಲಿಸುವುದು, ಒಂದೂ ಉಳಿಯದಿದ್ದರೆ ನೀರನ್ನೇ ಸಾಕುವುದು. ಇಷ್ಟೇ ಅದರ ಕರ್ಮ. ಮಂತ್ರ ಬೇಕಾಗಿಲ್ಲ, ಇದ್ದರೂ ಒಂದೇ ಮಾತಿನದು ಸಾಕು.

ತಂದೆಯವರ ಆ ವ್ರತ ಐದು ವಾರ ನಡೆಯಿತು. ಆರನೆಯ ವಾರ ಮಗಳು ಎರಡು ಸಣ್ಣ ಮೀನುಗಳನ್ನು ತಂದಳು. ಹೆಸರಿಡಲು ಹೊರಟವಳನ್ನು ನಾನು ತಡೆಯಲಿಲ್ಲ. ಕನ್ನಡದಲ್ಲಿ ಕವಿಗಳಿಗೆ ಬರವಿಲ್ಲ.